ಕಾವೇರಿ ದಡದ ಗಾಳದ ಕೋಲು: ಬಿದಿರು, ಗಾಜು, ಗ್ರಾಫೈಟ್

ಗಾಳದ ಕೋಲು ಯಾವುದರಿಂದ ಮಾಡಿದ್ದಾಗಿರಬೇಕು ಎಂಬುದನ್ನು ನೀರು, ಮೀನು, ಎರೆ ಈ ಮೂರೂ ಸೇರಿ ತೀರ್ಮಾನಿಸುತ್ತವೆ. ಮಂಡ್ಯ ಜಿಲ್ಲೆಯ ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ನೀರು ಎರಡು ಬಗೆಯದು. ಶಿವನಸಮುದ್ರದಲ್ಲಿ ಧುಮುಕಿದ ಕಾವೇರಿ ಮುತ್ತತ್ತಿ, ಭೀಮೇಶ್ವರಿಗಳನ್ನು ಹಾದು ಮೇಕೆದಾಟಿನ ಕಡೆಗೆ ಬಂಡೆಗಳ ನಡುವೆ ನುಗ್ಗಿ ಹರಿಯುತ್ತದೆ. ಈ ಹರಿವಿನ ಮಡುಗಳಲ್ಲಿರುವುದು ಮಹಶೀರ್, ಸ್ಥಳೀಯರ ಮಾತಿನಲ್ಲಿ ಬಿಳಿಮೀನು. ಇನ್ನೊಂದು ಕಡೆ ಶಿಂಷಾ ನದಿಯ ನಿಧಾನದ ನೀರು ಮತ್ತು ನಾಲೆಯಿಂದ ತುಂಬುವ ಕೆರೆಗಳು. ಅಲ್ಲಿ ಜೊಂಡು, ಪಾಚಿಗಳ ಅಡಿಯಲ್ಲಿ ಹೊಂಚು ಹಾಕುವುದು ಕೊರವ ಮೀನು. ಗಾಜಿನ ಎಳೆಯ ಕೋಲೋ ಗ್ರಾಫೈಟ್ ಕೋಲೋ ಎಂದು ಜಗತ್ತಿನ ಗಾಳಗಾರರು ಐವತ್ತು ವರ್ಷಗಳಿಂದ ನಡೆಸುತ್ತ ಬಂದಿರುವ ಚರ್ಚೆಯ ಎರಡೂ ಮಗ್ಗುಲು ಈ ಒಂದೇ ಸೀಮೆಯಲ್ಲಿ ಸಿಗುತ್ತವೆ.

ಗಾಳ ಹಾಕುವುದನ್ನು ವಿನೋದವೆಂದು ಎಣಿಸಿ ಶಾಸ್ತ್ರವಾಗಿ ಬರೆದಿಟ್ಟವರಲ್ಲಿ ಕನ್ನಡ ನೆಲದ ಅರಸನೊಬ್ಬ ಬಹಳ ಮೊದಲಿಗ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದಕ್ಕೇ ಒಂದು ಭಾಗವಿದೆ. ಮೂವತ್ತಕ್ಕೂ ಹೆಚ್ಚು ಬಗೆಯ ಮೀನುಗಳು, ಅವುಗಳಿಗೆ ಹಾಕಬೇಕಾದ ತಿನಿಸು, ಗಾಳ ಹಾಕುವ ರೀತಿ ಅಲ್ಲಿ ಬಂದಿವೆ. ಇಂಗ್ಲೆಂಡಿನಲ್ಲಿ ಈ ವಿಷಯದ ಪುಸ್ತಕಗಳು ಹುಟ್ಟುವುದಕ್ಕೆ ಶತಮಾನಗಳಷ್ಟು ಮುಂಚಿನ ಮಾತು ಇದು. ಗಾಳದ ಆಟ ಬ್ರಿಟಿಷರ ಜೊತೆ ಹಡಗಿನಲ್ಲಿ ಬಂದಿಳಿಯಿತು ಎನ್ನುವುದು ಆದ್ದರಿಂದ ಅರ್ಧ ಸತ್ಯ ಮಾತ್ರ. ಬ್ರಿಟಿಷರ ಜೊತೆ ಬಂದದ್ದು ರೀಲು ಮತ್ತು ಲೋಹದ ನಕಲಿ ಎರೆ. ಹಳ್ಳಿಯವರ ಕೈಯಲ್ಲಿ ಆಗಲೂ ಇದ್ದದ್ದು ಬಿದಿರಿನ ಗಳ, ಅದರ ತುದಿಗೆ ಕಟ್ಟಿದ ದಾರ, ತೇಲುವ ಬೆಂಡು, ಎರೆಹುಳು. ಕೆರೆ ಏರಿಯ ಮೇಲೆ ಕೂತು ಕೆಂಡೆ, ಗಿರ್ಲು ಹಿಡಿಯುವವರಿಗೆ ಇಂದಿಗೂ ಅದಕ್ಕಿಂತ ಹೆಚ್ಚಿನದು ಬೇಕಿಲ್ಲ.

ಬಿಳಿಮೀನಿಗೆ ಅಷ್ಟು ಸಾಲದು. ಗಾಳ ಕಚ್ಚಿದ ಕ್ಷಣದಲ್ಲಿ ಅದು ಪ್ರವಾಹದ ಜೊತೆ ಕೆಳಕ್ಕೆ ಓಡುವ ಮೊದಲ ಓಟವೇ ಹೆಸರುವಾಸಿ. ಅದರ ದವಡೆಯಲ್ಲಿ ಹಲ್ಲಿಲ್ಲ, ಗಂಟಲಲ್ಲಿವೆ. ಆದರೂ ದಪ್ಪ ತುಟಿಗಳ ನಡುವೆ ಸಿಕ್ಕಿದ ಸಣ್ಣ ಉಕ್ಕಿನ ಗಾಳಗಳನ್ನು ಅದು ಅಪ್ಪಚ್ಚಿ ಮಾಡಿಬಿಡುತ್ತದೆ. ಮದ್ರಾಸ್ ಸಿವಿಲ್ ಸೇವೆಯಲ್ಲಿದ್ದ ಹೆನ್ರಿ ಸಲ್ಲಿವನ್ ಥಾಮಸ್ ಈ ಮೀನನ್ನು ಹಿಡಿಯುವ ಬಗೆಯನ್ನು ವಿವರವಾಗಿ ಬರೆದ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಪ್ರಕಟವಾಯಿತು, ಅದೂ ಮಂಗಳೂರಿನಲ್ಲಿ. ಭಾರತದಲ್ಲಿ ಗಾಳ ಹಾಕುವವರು ಮುಂದೆ ಹಲವು ದಶಕ ಕೈಪಿಡಿಯಂತೆ ಬಳಸಿದ ಪುಸ್ತಕ ಅಚ್ಚಾದದ್ದು ಕನ್ನಡ ಕರಾವಳಿಯಲ್ಲಿ ಎಂಬುದನ್ನು ಇಲ್ಲಿನ ಓದುಗರು ತಿಳಿದಿರಬೇಕು.

ಆ ಕಾಲದ ಕೋಲುಗಳು ಮರದವು, ಇಲ್ಲವೇ ಬಿದಿರಿನವು. ದಕ್ಷಿಣ ಅಮೆರಿಕದ ಗ್ರೀನ್‌ಹಾರ್ಟ್ ಮರದ ಕೋಲು ಗಟ್ಟಿ, ಆದರೆ ಭಾರ. ಹಿಮಾಲಯದ ರಿಂಗಾಲ್ ಬಿದಿರು ಹಗುರ, ಅಗ್ಗ. ಇವೆರಡಕ್ಕಿಂತ ಮೇಲಿನದೆನಿಸಿದ್ದು ಸೀಳುಬಿದಿರಿನ ಕೋಲು: ಬಿದಿರನ್ನು ಉದ್ದಕ್ಕೆ ಸೀಳಿ, ಮುಮ್ಮೂಲೆಯ ಆರು ಪಟ್ಟಿಗಳಾಗಿ ಹೆರೆದು, ಅಂಟಿನಿಂದ ಒಂದಾಗಿ ಕೂಡಿಸಿ, ಮೇಲೆ ರೇಷ್ಮೆ ದಾರ ಸುತ್ತಿದ್ದು. ಅಮೆರಿಕದಲ್ಲಿ ಇಂಥ ಕೋಲುಗಳು ಮೊದಲಿಗೆ ತಯಾರಾದದ್ದು ಕಲ್ಕತ್ತೆಯ ಬಂದರಿನಿಂದ ಹೋದ ಭಾರತದ ಬಿದಿರಿನಿಂದಲೇ. ಚೀನಾದ ಟಾಂಕಿನ್ ಬಿದಿರು ಅದರ ಜಾಗ ಹಿಡಿದದ್ದು ಆಮೇಲೆ. ಸೀಳುಬಿದಿರಿನ ಕೋಲು ನೋಡಲು ಚೆಂದ, ಬಾಗುವುದೂ ಹದವಾಗಿ. ಆದರೆ ಇಲ್ಲಿನ ಬೇಸಿಗೆ, ಮಳೆಗಳಿಗೆ ಆ ಕಾಲದ ಅಂಟು ಸಡಿಲವಾಗುತ್ತಿತ್ತು. ಕೋಲು ಒಮ್ಮೆ ಒಂದು ಪಕ್ಕಕ್ಕೆ ವಾಲಿತೆಂದರೆ ಮತ್ತೆ ನೆಟ್ಟಗಾಗುವುದು ಕಷ್ಟ.

ಹೀಗಿದ್ದರೂ ಕಾವೇರಿ ಕೊಳ್ಳದ ದೊಡ್ಡ ದಾಖಲೆಗಳೆಲ್ಲ ಗಾಜಿನ ಕೋಲು ಬರುವುದಕ್ಕೆ ಮುಂಚಿನವೇ. 1919ರ ಡಿಸೆಂಬರಿನಲ್ಲಿ ಮೇಜರ್ ರಿವೆಟ್-ಕಾರ್ನಾಕ್ ಕಾವೇರಿಯಲ್ಲಿ 119 ಪೌಂಡಿನ ಮಹಶೀರ್ ಹಿಡಿದರು. 1946ರ ಮಾರ್ಚ್ 22ರಂದು ಮೈಸೂರಿನ ಹೆಸರಾಂತ ಚರ್ಮಪ್ರಸಾಧನ ಸಂಸ್ಥೆಯ ವ್ಯಾನ್ ಇಂಗೆನ್ ಕುಟುಂಬದ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್, ಅಂದರೆ ಸುಮಾರು 54 ಕಿಲೋ. ಸಲಕರಣೆ ಸುಧಾರಿಸಿದರೆ ಮೀನಿನ ಗಾತ್ರ ಹೆಚ್ಚುತ್ತದೆ ಎಂಬ ಲೆಕ್ಕ ಈ ನದಿಯಲ್ಲಿ ಸುಳ್ಳಾಗಿದೆ.

ಗಾಜಿನ ಎಳೆಯ ಕೋಲು ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಅಮೆರಿಕದಲ್ಲಿ ರೂಪುಗೊಂಡಿತು. ಆರ್ಥರ್ ಹೊವಾಲ್ಡ್ ಎಂಬ ತಜ್ಞ ಗಾಜಿನ ಎಳೆಗಳನ್ನು ರಾಳದಲ್ಲಿ ಕೂಡಿಸಿ ಕೋಲು ಮಾಡುವ ವಿಧಾನ ಕಂಡುಕೊಂಡ. ಶೇಕ್ಸ್‌ಪಿಯರ್ ಕಂಪನಿ ಅದನ್ನು 'ವಂಡರ್‌ರಾಡ್' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. 1950ರಲ್ಲಿ ಅಮೆರಿಕ ಚೀನಾದ ಸರಕಿಗೆ ತಡೆ ಹಾಕಿ ಟಾಂಕಿನ್ ಬಿದಿರು ನಿಂತುಹೋದ ಮೇಲಂತೂ ಬಿದಿರಿನ ಕೋಲಿನ ದಿನ ಮುಗಿಯಿತು. ಗ್ರಾಫೈಟ್ ಬಂದದ್ದು ವಿಮಾನ ವಿಜ್ಞಾನದಿಂದ. 1960ರ ದಶಕದಲ್ಲಿ ಇಂಗ್ಲೆಂಡಿನ ಫಾರ್ನ್‌ಬರೊದ ವಿಮಾನ ಸಂಶೋಧನಾ ಸಂಸ್ಥೆಯಲ್ಲಿ ಗಟ್ಟಿಯಾದ ಇಂಗಾಲದ ಎಳೆ ತಯಾರಿಸುವ ವಿಧಾನ ಬೆಳೆಯಿತು. 1970ರ ದಶಕದಲ್ಲಿ ಅಮೆರಿಕದ ಫೆನ್ವಿಕ್ ಕಂಪನಿ ಆ ಎಳೆಯ ಕೋಲುಗಳನ್ನು ಗಾಳಗಾರರ ಕೈಗೆ ತಲುಪಿಸಿತು. ಅಂಗಡಿಯವರು ಗ್ರಾಫೈಟ್ ಎನ್ನುವುದೂ ಕಾರ್ಬನ್ ಎನ್ನುವುದೂ ಇದನ್ನೇ.

ಗಾಜು, ಗ್ರಾಫೈಟ್‌ಗಳ ನಡುವಿನ ವ್ಯತ್ಯಾಸ ಎಳೆಯ ಗುಣದಲ್ಲೇ ಇದೆ. ಒಂದು ಘನ ಸೆಂಟಿಮೀಟರ್ ಗಾಜಿನ ತೂಕ ಸುಮಾರು 2.5 ಗ್ರಾಂ, ಇಂಗಾಲದ ಎಳೆಯದು ಸುಮಾರು 1.8 ಗ್ರಾಂ. ಬಾಗಲು ಒಪ್ಪದ ಬಿಗುವಿನಲ್ಲಿ ಸಾಮಾನ್ಯ ಇಂಗಾಲದ ಎಳೆ ಗಾಜಿಗಿಂತ ಸುಮಾರು ಮೂರು ಪಟ್ಟು. ಹೀಗಾಗಿ ಗ್ರಾಫೈಟ್ ಕೋಲು ತೆಳ್ಳಗೆ, ಹಗುರ. ಎಸೆದಾಗ ತುದಿ ಬೇಗ ನೆಟ್ಟಗಾಗುತ್ತದೆ. ನೀರಿನಡಿಯ ಕಲ್ಲಿಗೆ ಎರೆ ತಾಗಿದ್ದು, ಮೀನು ಮೂತಿಯಿಂದ ಮುಟ್ಟಿದ್ದು ಅಂಗೈಗೆ ಗೊತ್ತಾಗುತ್ತದೆ. ಗಾಜಿನ ಕೋಲು ಭಾರ, ನಿಧಾನ. ಆದರೆ ತುದಿಯಿಂದ ಹಿಡಿಯ ಹತ್ತಿರದವರೆಗೂ ಬಾಗಿ ಎಳೆತವನ್ನು ನುಂಗಿಕೊಳ್ಳುತ್ತದೆ, ಬಂಡೆಗೋ ತೆಪ್ಪದ ಅಂಚಿಗೋ ತಾಗಿದರೆ ಸಹಿಸಿಕೊಳ್ಳುತ್ತದೆ. ಗ್ರಾಫೈಟ್ ಕೋಲಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ಗೀರು ಬಿದ್ದಿದ್ದರೂ ಭಾರಿ ಮೀನಿನ ಎಳೆತಕ್ಕೆ ಕಬ್ಬಿನ ಜಲ್ಲೆಯಂತೆ ಚಟಕ್ಕನೆ ಮುರಿಯಬಹುದು. ಇಂಗಾಲದಲ್ಲಿ ವಿದ್ಯುತ್ ಹರಿಯುವುದರಿಂದ ವಿದ್ಯುತ್ ತಂತಿಗಳ ಕೆಳಗೆ, ಗುಡುಗು ಸಿಡಿಲಿನ ಹೊತ್ತಿನಲ್ಲಿ ಅದನ್ನು ಎತ್ತಲೇಬಾರದು.

ಭೀಮೇಶ್ವರಿಯ ಹರಿವಿಗೆ ಹೊಸ ಕೋಲುಗಳು ಬಂದದ್ದು 1970ರ ದಶಕದ ಕೊನೆಯಲ್ಲಿ. ಕಾವೇರಿಯ ದೈತ್ಯ ಮಹಶೀರ್ ಮುಗಿದುಹೋಯಿತೆಂದು ಹೊರಗಿನವರು ನಂಬಿದ್ದ ಕಾಲದಲ್ಲಿ ಬ್ರಿಟನ್ನಿನ ಟ್ರಾನ್ಸ್ ವರ್ಲ್ಡ್ ಫಿಷಿಂಗ್ ಟೀಮ್ ಎಂಬ ಸಣ್ಣ ತಂಡ ಇಲ್ಲಿಗೆ ಬಂದು, 1978ರಲ್ಲಿ 92 ಪೌಂಡಿನ ಮೀನು ಹಿಡಿದು ಆ ನಂಬಿಕೆಯನ್ನು ತಿದ್ದಿತು. ಬೆಂಗಳೂರಿನ ದಕ್ಷಿಣ ಭಾರತ ವನ್ಯಜೀವಿ ಸಂಘ ನದಿಯ ಒಂದು ಭಾಗದ ಕಾವಲಿಗೆ ನಿಂತಿತು. 1980ರಲ್ಲಿ ಸ್ಥಾಪನೆಯಾದ ಸರ್ಕಾರಿ ಸಂಸ್ಥೆ ಜಂಗಲ್ ಲಾಡ್ಜಸ್ ಮುಂದೆ ಭೀಮೇಶ್ವರಿಯಲ್ಲಿ, ಅದರ ಮೇಲ್ಬದಿಯ ದೊಡ್ಡಮಾಕಳಿಯಲ್ಲಿ, ಕೆಳಬದಿಯ ಗಾಳಿಬೋರೆಯಲ್ಲಿ ಶಿಬಿರಗಳನ್ನು ನಡೆಸಿತು. ಹಿಡಿದ ಮೀನನ್ನು ತೂಗಿ, ಬರೆದುಕೊಂಡು, ಮತ್ತೆ ನದಿಗೇ ಬಿಡುವುದು ಅಲ್ಲಿನ ಕಟ್ಟುನಿಟ್ಟು. ಹಿಂದೆ ಸಿಡಿಮದ್ದು ಹಾಕಿ ಮೀನು ಹಿಡಿಯುತ್ತಿದ್ದವರಲ್ಲಿ ಕೆಲವರು ಅಲ್ಲಿ ದಾರಿ ತೋರುವವರಾಗಿ, ಕಾವಲುಗಾರರಾಗಿ ಸಂಬಳ ಪಡೆದರು. ನದಿಗೆ ಆದ ಉಪಕಾರಗಳಲ್ಲಿ ಇದೇ ದೊಡ್ಡದು.

ಅಲ್ಲಿ ಹೆಚ್ಚಾಗಿ ನಡೆಯುತ್ತಿದ್ದದ್ದು ನಕಲಿ ಎರೆಯಲ್ಲ, ರಾಗಿ. ರಾಗಿ ಹಿಟ್ಟನ್ನು ಗಟ್ಟಿಯಾಗಿ ನಾದಿ, ಬೇಯಿಸಿ, ನಿಂಬೆಹಣ್ಣಿನ ಗಾತ್ರಕ್ಕೋ ಅದಕ್ಕೂ ದೊಡ್ಡದಾಗಿಯೋ ಉಂಡೆ ಕಟ್ಟಿ ಒಂದೇ ದಪ್ಪ ಗಾಳಕ್ಕೆ ಒತ್ತುತ್ತಿದ್ದರು. ಪ್ರವಾಹದಲ್ಲಿ ಕೊಚ್ಚಿಹೋಗದಂತೆ ದಾರಕ್ಕೆ ಸೀಸ. ಸೀಸವೂ ಉಂಡೆಯೂ ಸೇರಿದ ಭಾರವನ್ನು ಬೀಸಿ ಎಸೆಯಬೇಕು, ಬಂಡೆಯ ಸಂದಿಗೆ ಸಿಕ್ಕಿದ್ದನ್ನು ಜಗ್ಗಿ ಬಿಡಿಸಬೇಕು, ಮೀನು ಓಡಿದರೆ ತೆಪ್ಪ ಹತ್ತಿ ಹಿಂದೆ ಹೋಗಬೇಕು. ಈ ಕೆಲಸಕ್ಕೆ ಬೆನ್ನು ದಪ್ಪಗಿರುವ ಗಾಜಿನ ಕೋಲು, ಇಲ್ಲವೇ ಗಾಜು, ಇಂಗಾಲ ಎರಡೂ ಬೆರೆತ ಕೋಲು ಸರಿ. ಹಗುರವಾಗಿರಲಿ ಎಂದು ತೆಳು ಗ್ರಾಫೈಟ್ ಆರಿಸುವುದು ಇಲ್ಲಿ ಅಪಾಯ.

ನಕಲಿ ಎರೆಯ ವಿಚಾರ ಬಂದಾಗ ಅಮೆರಿಕದ ಬಾಸ್ ಮೀನಿನ ಅನುಭವ ನೆರವಿಗೆ ಬರುತ್ತದೆ. ಬಾಸ್ ನಮ್ಮ ನದಿಯ ಮೀನಲ್ಲ. ಆದರೆ ನಕಲಿ ಎರೆಯ ಕೋಲುಗಳ ಪರೀಕ್ಷೆ ಹೆಚ್ಚಾಗಿ ಆದದ್ದು ಅದರ ಮೇಲೆ. ಗ್ರಾಫೈಟ್ ಬಂದ ಹೊಸತರಲ್ಲಿ ಅಲ್ಲಿನವರು ಗಾಜನ್ನು ಮೂಲೆಗೆ ಹಾಕಿದರು. ಆಮೇಲೆ ಒಂದು ತೊಂದರೆ ಕಂಡಿತು. ಮರದ ಅಥವಾ ಪ್ಲಾಸ್ಟಿಕ್ಕಿನ ಮೀನಿನಾಕಾರದ ಎರೆಗೆ ಮೂರು ಮೊನೆಯ ಸಣ್ಣ ಗಾಳಗಳಿರುತ್ತವೆ. ಮೀನು ಕಚ್ಚಿದ್ದು ಗ್ರಾಫೈಟ್ ಕೋಲಿನಲ್ಲಿ ತಕ್ಷಣ ತಿಳಿದುಬಿಡುವುದರಿಂದ, ಎರೆ ಪೂರ್ತಿ ಬಾಯೊಳಗೆ ಹೋಗುವ ಮೊದಲೇ ಕೈ ಎಳೆಯುತ್ತದೆ. ಸಿಕ್ಕಿದರೂ ಬಿಗುವಾದ ಕೋಲಿನ ಜಗ್ಗಾಟಕ್ಕೆ ತುಟಿಯ ತೂತು ಅಗಲವಾಗಿ ಗಾಳ ಕಳಚುತ್ತದೆ. ಗಾಜಿನ ಕೋಲು ತಡವಾಗಿ ತಿಳಿಸಿ, ಮೆತ್ತಗೆ ಬಾಗಿ, ಎರಡೂ ತಪ್ಪನ್ನು ತಡೆಯುತ್ತದೆ. ಹಾಗಾಗಿ ಇಂಥ ಎರೆಗಳಿಗಾಗಿ ಗಾಜು ಮತ್ತೆ ಬಂತು. ರಬ್ಬರ್ ಹುಳು, ತಳದಲ್ಲಿ ಕುಪ್ಪಳಿಸುವ ಸೀಸದ ಎರೆಗಳಿಗೆ ಗ್ರಾಫೈಟ್ ಉಳಿಯಿತು.

ಈ ನಿಯಮ ಕಾವೇರಿಗೂ ಒಪ್ಪುತ್ತದೆ. ರಭಸದ ನೀರಿನಲ್ಲಿ ಸ್ಪೂನ್ ಎಂಬ ಲೋಹದ ಎರೆಯನ್ನೋ ಮೀನಿನಾಕಾರದ ಎರೆಯನ್ನೋ ಬಿಳಿಮೀನು ಓಡುತ್ತಲೇ ಕಚ್ಚುತ್ತದೆ, ಗಾಳ ಸಿಕ್ಕಿಸುವ ಕೆಲಸವನ್ನು ಅದರ ಓಟವೇ ಮಾಡುತ್ತದೆ. ಅಲ್ಲಿ ಬಾಗುವ ಕೋಲೇ ಬೇಕು. ಕೆರೆಯ ಕೊರವನಿಗೆ ಇದರ ತಲೆಕೆಳಗು. ಹೊಂಚು ಹಾಕಿ ನೆಗೆಯುವುದರಲ್ಲಿ ಬಾಸ್ ಮೀನಿಗೆ ಇಲ್ಲಿನ ಮೀನುಗಳಲ್ಲಿ ಹತ್ತಿರದ್ದು ಕೊರವವೇ. ಅದಕ್ಕೆ ಬಿಡುವುದು ರಬ್ಬರ್ ಕಪ್ಪೆ. ಕಪ್ಪೆಯ ಬೆನ್ನಿಗೆ ಒತ್ತಿಕೊಂಡ ಜೋಡಿ ಗಾಳ ಪಾಚಿಗೆ ಸಿಕ್ಕದೆ ಜಾರುತ್ತದೆ. ಕೊರವ ಕಚ್ಚಿದಾಗ ರಬ್ಬರು ಕುಗ್ಗಿ ಗಾಳದ ಮೊನೆ ಹೊರಬರಬೇಕು, ಗಡುಸು ದವಡೆಗೆ ಇಳಿಯಬೇಕು, ಮೀನು ಜೊಂಡಿನೊಳಗೆ ಸುತ್ತಿಕೊಳ್ಳುವ ಮೊದಲು ಹೊರಗೆ ಬರಬೇಕು. ಗಾಜಿನ ಕೋಲು ಬಾಗಿ ನಿಂತರೆ ಇದರಲ್ಲಿ ಒಂದೂ ಆಗದು. ಗಿಡ್ಡನೆಯ, ಬಿಗುವಾದ ಗ್ರಾಫೈಟ್ ಕೋಲು, ಹಿಗ್ಗದ ಹೆಣೆದ ದಾರ ಇದ್ದರೇ ಕೆಲಸ. ವಿಶ್ವೇಶ್ವರಯ್ಯ ನಾಲೆಯ ನೀರು ಕಂಡ ಮಂಡ್ಯದ ಕೆರೆಗಳಲ್ಲಿ ಇದಕ್ಕೆ ಜಾಗ ಬೇಕಾದಷ್ಟಿದೆ.

ಕಾವೇರಿಯ ಶಿಬಿರಗಳ ಕಥೆ ಬೇರೆ ದಾರಿ ಹಿಡಿಯಿತು. ಈ ಹರಿವು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿ ಧಾಮದೊಳಗೆ ಬರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಧಾಮದಲ್ಲಿ ಗಾಳಕ್ಕೆ ಅವಕಾಶವಿಲ್ಲವೆಂದು 2012ರ ಹೊತ್ತಿಗೆ ಅದು ನಿಂತಿತು. ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ, ಆರು ಸಾವಿರಕ್ಕೂ ಹೆಚ್ಚು ಮೀನುಗಳ ಲೆಕ್ಕವನ್ನು ವಿಜ್ಞಾನಿಗಳು ಆಮೇಲೆ ಪರಿಶೀಲಿಸಿದರು. ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೆಚ್ಚುತ್ತ ಹೋಗಿ, ಕಾವೇರಿಯದ್ದೇ ಆದ ಬೆನ್ನುಡುಬ್ಬದ ಮಹಶೀರ್ ಇಳಿಯುತ್ತ ಹೋದದ್ದು ಅದರಿಂದ ಬೆಳಕಿಗೆ ಬಂತು. ದಾಖಲೆಗಳಲ್ಲಿ ಅಷ್ಟು ಮೆರೆದ ಈ ಮೀನು 'ಟಾರ್ ರೆಮದೇವಿ' ಪ್ರಭೇದದ್ದು ಎಂದು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು.