ಟ್ರಫಾಲ್ಗರ್ ಚೌಕದ ಅಳತೆಗೋಲು

ನಾನು ಚಾರ್ಟರ್ಡ್ ಅಕೌಂಟೆಂಟ್. ಯಾವ ಸ್ಮಾರಕ ಕಂಡರೂ ಇದಕ್ಕೆ ದುಡ್ಡು ಕೊಟ್ಟವರು ಯಾರು ಎಂದು ಕೇಳುವುದು ನನ್ನ ಅಭ್ಯಾಸ. ಲಂಡನ್ನಿನ ಟ್ರಫಾಲ್ಗರ್ ಚೌಕ ಈ ಪ್ರಶ್ನೆಗೆ ಧಾರಾಳವಾಗಿ ಉತ್ತರ ಕೊಡುತ್ತದೆ.

ನೆಲ್ಸನ್ ಕಂಬ 1840ರ ದಶಕದಲ್ಲಿ ಸಾರ್ವಜನಿಕ ಚಂದಾ ಹಣದಿಂದ ಎದ್ದಿತು. ಹಣ ಸಾಲದೆ ಕೆಲಸ ಎಳೆದಾಡಿತು; ಬುಡದ ಸಿಂಹಗಳು ಬಂದದ್ದು 1867ರಲ್ಲಿ. ನಾಲ್ಕನೇ ಪೀಠದ ಮೇಲೆ ನಾಲ್ಕನೇ ವಿಲಿಯಂ ದೊರೆಯ ಪ್ರತಿಮೆ ಬರಬೇಕಿತ್ತು. ಅದಕ್ಕೂ ಹಣ ಕೂಡಲಿಲ್ಲ. ಪೀಠ ಒಂದೂವರೆ ಶತಮಾನ ಖಾಲಿಯಾಗಿಯೇ ಉಳಿಯಿತು. 1999ರಿಂದ ಅಲ್ಲಿ ಸರದಿಯಂತೆ ಹೊಸ ಶಿಲ್ಪಗಳು ನಿಲ್ಲುತ್ತಿವೆ. ಸಿಂಧ್ ಗೆದ್ದ ನೇಪಿಯರ್ ಪ್ರತಿಮೆಯ ಕೆಳಗಿನ ಬರಹವಂತೂ, ಚಂದಾ ಕೊಟ್ಟವರಲ್ಲಿ ಸಾಮಾನ್ಯ ಸಿಪಾಯಿಗಳೇ ಹೆಚ್ಚು ಎಂದು ದಾಖಲಿಸಿದೆ.

ಆದರೆ ನಾನು ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದು ಉತ್ತರದ ಗೋಡೆಯ ಬುಡದಲ್ಲಿ. ಅಲ್ಲಿ ಅಡಿ, ಗಜ, 66 ಅಡಿಯ ಸರಪಳಿ ಮುಂತಾದ ಅಳತೆಗಳನ್ನು ಲೋಹದಲ್ಲಿ ಕೂರಿಸಿದ್ದಾರೆ. 1834ರಲ್ಲಿ ಪಾರ್ಲಿಮೆಂಟ್ ಭವನಕ್ಕೆ ಬೆಂಕಿ ಬಿದ್ದಾಗ ಒಳಗಿದ್ದ ಅಧಿಕೃತ ಗಜದ ಕೋಲೂ ಹಾಳಾಯಿತು. ಮುಂದೆ ಹೊಸ ಮಾನಕ ತಯಾರಾಯಿತು. 1876ರಲ್ಲಿ ಈ ಅಳತೆಗಳನ್ನು ಚೌಕದಲ್ಲಿ, ಎಲ್ಲರ ಕಣ್ಣೆದುರಿಗೆ ಇಟ್ಟರು. ಬಟ್ಟೆ ವ್ಯಾಪಾರಿಯಾಗಲಿ ಗಾರೆಯವನಾಗಲಿ ತನ್ನ ಕೋಲನ್ನು ತಂದು ತಾಳೆ ನೋಡಬಹುದಿತ್ತು.

ಆ ಸರಪಳಿ ನಮಗೆ ಹೊಸದಲ್ಲ. ಅದರ ಅರ್ಧ 33 ಅಡಿ. 33 ಅಡಿ ಉದ್ದ, 33 ಅಡಿ ಅಗಲ, ಅಂದರೆ 1,089 ಚದರಡಿ: ಅದೇ ನಮ್ಮ ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ನಮ್ಮ ಪಹಣಿಯ ಲೆಕ್ಕವೂ ಆ ಗೋಡೆಯ ಲೆಕ್ಕವೂ ಒಂದೇ.

ಹಾಗೆಂದು ಅಳತೆಯನ್ನು ಹತ್ತು ಜನರ ಮುಂದಿಡುವುದನ್ನು ಇಂಗ್ಲಿಷರೇ ನಮಗೆ ಕಲಿಸಬೇಕಿರಲಿಲ್ಲ. ಬಳ್ಳಿಗಾವಿಯ ಕಡೆಯ ಹಳೆಯ ಶಾಸನಗಳಲ್ಲಿ ಭೂದಾನ ಬರೆಯುವಾಗ 'ಭೇರುಂಡ ಗಳೆ' ಎಂಬ ಅಳತೆಗೋಲಿನ ಹೆಸರು ಬರುತ್ತದೆ. ಎಷ್ಟು ಭೂಮಿ ಎಂಬುದರ ಜೊತೆಗೆ ಯಾವ ಕೋಲಿನಲ್ಲಿ ಅಳೆದದ್ದು ಎಂಬುದನ್ನೂ ಕಲ್ಲಿನಲ್ಲಿ ಕೆತ್ತಿಸಿದರು.

ಇದು ನಮ್ಮ ಮನೆಯ ಮಾತೂ ಹೌದು. ನನ್ನ ತಂದೆ ಮತ್ತು ಚಿಕ್ಕಪ್ಪ ಎರಡು ಗುಂಟೆ ಗದ್ದೆಗಾಗಿ ಹನ್ನೊಂದು ವರ್ಷ ಮಾತು ಬಿಟ್ಟಿದ್ದರು. ಕೊನೆಗೆ ಇಬ್ಬರ ಎದುರಿಗೂ ಸರ್ವೆಯವರು ಸರಪಳಿ ಎಳೆದಾಗ ಸಿಕ್ಕ ವ್ಯತ್ಯಾಸ ಅರ್ಧ ಗುಂಟೆಯೂ ಇರಲಿಲ್ಲ. ಅಷ್ಟರಲ್ಲಿ ಎರಡು ಮದುವೆ, ಒಂದು ಸಾವು ಆಗಿಹೋಗಿದ್ದವು.

ದೂರದಲ್ಲಿರುವ ನಾವು ಆಸ್ತಿಯ ಮಾತನ್ನು ಫೋನಿನಲ್ಲೇ ಮುಗಿಸಲು ನೋಡುತ್ತೇವೆ. ಅನುಮಾನ ಬೆಳೆಯುವುದು ಅಲ್ಲಿಯೇ. ಈ ಸಲ ರಜೆಯಲ್ಲಿ ಊರಿಗೆ ಹೋದಾಗ ಹದ್ದುಬಸ್ತಿಗೆ ಅರ್ಜಿ ಹಾಕಿ. ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲರನ್ನೂ ಬದುವಿನ ಮೇಲೆ ನಿಲ್ಲಿಸಿಯೇ ಅಳೆಸಿ.