ಹಣ ಎಲ್ಲಿದೆ ಎಂದು ಹೇಳದ ಪರದೆ: ಯುಪಿಐ ಪಾವತಿ ನಡುದಾರಿಯಲ್ಲಿ ನಿಂತಾಗ

ಯುಪಿಐ ಆ್ಯಪ್‌ಗಳ ಪರದೆಯ ಬಗ್ಗೆ ಜನರ ದೂರುಗಳು ಬಗೆಬಗೆಯವು. ಪಾವತಿ ಮಾಡಲು ಹೋದವರಿಗೆ ಸಾಲದ ಜಾಹೀರಾತು ಎದುರಾಗುತ್ತದೆ, ಉಜ್ಜಿ ನೋಡುವ ಬಹುಮಾನದ ಕಾರ್ಡು ಅಡ್ಡ ಬರುತ್ತದೆ. ಇವು ಕಿರಿಕಿರಿ, ನಿಜ. ಆದರೆ ಇವುಗಳಿಂದ ಯಾರ ದುಡ್ಡೂ ಸಿಕ್ಕಿಹಾಕಿಕೊಳ್ಳುವುದಿಲ್ಲ. ಈ ಟಿಪ್ಪಣಿಯ ವಿಷಯ ಒಂದೇ ಒಂದು ಪರದೆ: ಖಾತೆಯಿಂದ ಹಣ ಕಟ್ ಆಗಿ, ಎದುರಿನವರಿಗೆ ತಲುಪಿದ ಖಾತ್ರಿ ಸಿಗದೆ, ‘ಪೆಂಡಿಂಗ್’ ಎಂದು ತೋರಿಸಿ ನಿಂತುಬಿಡುವ ಪರದೆ.

ಯುಪಿಐ ಪಾವತಿಯಲ್ಲಿ ಎರಡು ಹಂತಗಳಿವೆ. ಪಿನ್ ಒತ್ತಿದ ಮೇಲೆ ಕೋರಿಕೆ ರಾಷ್ಟ್ರೀಯ ಪಾವತಿ ನಿಗಮದ (ಎನ್‌ಪಿಸಿಐ) ಸ್ವಿಚ್ಚಿಗೆ ಹೋಗುತ್ತದೆ. ನಿಗಮ ಮೊದಲು ಕೊಡುವವರ ಬ್ಯಾಂಕಿಗೆ ಹಣ ಕಡಿತ ಮಾಡಲು ಹೇಳುತ್ತದೆ. ‘ಮಾಡಿದೆ’ ಎಂಬ ಉತ್ತರ ಬಂದ ನಂತರವೇ ಪಡೆಯುವವರ ಬ್ಯಾಂಕಿಗೆ ಜಮೆ ಮಾಡಲು ಹೇಳುತ್ತದೆ. ತೊಡಕು ಹೆಚ್ಚಾಗಿ ಹುಟ್ಟುವುದು ಈ ಎರಡನೆಯ ಹಂತದಲ್ಲಿ. ಪಡೆಯುವವರ ಬ್ಯಾಂಕು ಹಣ ಜಮೆ ಮಾಡಿಯೂ ಅದರ ಉತ್ತರ ದಾರಿಯಲ್ಲಿ ಕಳೆದುಹೋಗಿರಬಹುದು, ಅಥವಾ ಜಮೆಯೇ ಆಗಿರದಿರಬಹುದು. ನಿಗದಿತ ಅವಧಿಯೊಳಗೆ ಉತ್ತರ ಬಾರದಿದ್ದರೆ ವ್ಯವಹಾರ ತೂಗುಯ್ಯಾಲೆಗೆ ಬೀಳುತ್ತದೆ, ಮುಂದೆ ಬ್ಯಾಂಕುಗಳು ಲೆಕ್ಕ ತಾಳೆ ನೋಡಿ ಇತ್ಯರ್ಥ ಮಾಡಬೇಕಾಗುತ್ತದೆ. ಪಾವತಿ ಕೋರಿಕೆಯ ಉತ್ತರಕ್ಕಿದ್ದ 30 ಸೆಕೆಂಡುಗಳ ಈ ಅವಧಿಯನ್ನು 2025ರ ಜೂನ್ 16ರಿಂದ 15ಕ್ಕೆ ಇಳಿಸಲಾಯಿತು.

ಇಲ್ಲಿ ಗಮನಿಸಬೇಕಾದ್ದು ಇದು: ವ್ಯವಸ್ಥೆಗೆ ಎಲ್ಲವೂ ಗೊತ್ತಿಲ್ಲ, ಆದರೆ ಅರ್ಧ ಖಂಡಿತ ಗೊತ್ತಿದೆ. ಕಡಿತ ಆಗಿದೆಯೋ ಇಲ್ಲವೋ, ಯಾವ ಬ್ಯಾಂಕಿನ ಉತ್ತರಕ್ಕೆ ಕಾಯುತ್ತಿದ್ದೇವೆ, ಎರಡೂ ದಾಖಲಾಗಿರುತ್ತವೆ. ಪರದೆ ಈ ಎಲ್ಲ ಭೇದಗಳನ್ನು ಒಂದೇ ಗಡಿಯಾರದ ಚಿತ್ರದೊಳಗೆ ಅಡಗಿಸಿಬಿಡುತ್ತದೆ.

ಅದರ ಭಾರ ಬೀಳುವುದು ಅಂಗಡಿಯ ಮುಂದೆ ನಿಂತವರ ಮೇಲೆ. ಸಂಜೆ ಹೊತ್ತು, ತರಕಾರಿ ತೂಗಿ ಚೀಲಕ್ಕೆ ಹಾಕಿ ಆಗಿದೆ. ಗಿರಾಕಿಯ ಫೋನಿಗೆ ಬ್ಯಾಂಕಿನ ಎಸ್ಸೆಮ್ಮೆಸ್ ಬಂದಿದೆ, 180 ರೂಪಾಯಿ ಕಟ್ ಆಗಿದೆ. ಸೌಂಡ್‌ಬಾಕ್ಸ್ ಮಾತ್ರ ಸುಮ್ಮನಿದೆ. ‘ದುಡ್ಡು ಹೋಗಿದೆ ನೋಡಿ ಅಕ್ಕ’ ಎಂದು ಅವರು ಫೋನ್ ತೋರಿಸುತ್ತಾರೆ. ‘ನಮಗೆ ಬಂದಿಲ್ಲಣ್ಣ, ಇನ್ನೊಂದ್ಸಲ ಹಾಕಿ’ ಎಂದು ಅಂಗಡಿಯಾಕೆ ಹೇಳುತ್ತಾರೆ. ಇಬ್ಬರೂ ಸತ್ಯವನ್ನೇ ಹೇಳುತ್ತಿದ್ದಾರೆ, ಆದರೂ ಒಬ್ಬರ ಮೇಲೊಬ್ಬರಿಗೆ ಅನುಮಾನ. ಯಶಸ್ವಿಯಾದ ಪಾವತಿಯನ್ನಷ್ಟೇ ಕೂಗುವ ಪೆಟ್ಟಿಗೆಗೆ, ಹಣ ದಾರಿಯಲ್ಲಿದೆ ಎಂದು ಹೇಳಲು ಬಾರದು. ಎರಡನೆಯ ಸಲ ಕಳಿಸಿದ 180 ರೂಪಾಯಿ ತಲುಪಿ, ಆಮೇಲೆ ಮೊದಲಿನದೂ ತಲುಪಿದರೆ, ಅದನ್ನು ವಾಪಸು ಕೇಳಲು ಗಿರಾಕಿ ಮತ್ತೆ ಅದೇ ಅಂಗಡಿಗೆ ಬರಬೇಕು. ದಿನಗೂಲಿಯವರಿಗೆ ಇದು ಸಣ್ಣ ಮೊತ್ತವಲ್ಲ.

ಹಣ ತಲುಪದೇ ಹೋದರೆ ಏನಾಗಬೇಕು ಎಂಬುದಕ್ಕೆ ರಿಸರ್ವ್ ಬ್ಯಾಂಕಿನ ಸ್ಪಷ್ಟ ನಿಯಮವಿದೆ. 2019ರ ಸೆಪ್ಟೆಂಬರ್ 20ರ ಸುತ್ತೋಲೆಯ ಪ್ರಕಾರ, ವ್ಯಕ್ತಿಯ ಖಾತೆಗೆ ಕಳಿಸಿದ ಹಣ ಜಮೆಯಾಗದಿದ್ದರೆ ವ್ಯವಹಾರದ ಮರುದಿನದೊಳಗೆ ತಾನಾಗಿ ಹಿಂದಿರುಗಬೇಕು. ವ್ಯಾಪಾರಿ ಖಾತೆಯದಾದರೆ 5 ದಿನದೊಳಗೆ. ತಡವಾದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ, ಅದೂ ಗ್ರಾಹಕ ಕೇಳದೆಯೇ ಸಿಗಬೇಕು. ಆದರೆ ತನಗೆ ಅನ್ವಯಿಸುವುದು ಯಾವ ಗಡುವು ಎಂದು ಗ್ರಾಹಕನಿಗೆ ಹೇಗೆ ತಿಳಿಯಬೇಕು? ಗೋಡೆಗೆ ಅಂಟಿಸಿದ ಕ್ಯುಆರ್ ಕೋಡ್ ನೋಡಿದರೆ ಅದು ವ್ಯಾಪಾರಿ ಖಾತೆಯದೋ ಅಂಗಡಿಯವರ ಸ್ವಂತ ಖಾತೆಯದೋ ಗೊತ್ತಾಗುವುದಿಲ್ಲ. ಆ್ಯಪ್‌ಗೆ ಗೊತ್ತಾಗುತ್ತದೆ: ವ್ಯಾಪಾರದ ಬಗೆಯನ್ನು ಸೂಚಿಸುವ ನಾಲ್ಕಂಕಿಯ ಸಂಕೇತವೊಂದು ಪಾವತಿಯ ಜೊತೆಗೇ ಸಾಗುತ್ತದೆ, ವ್ಯಕ್ತಿಯ ಖಾತೆಯಾದರೆ ಅದು 0000. ಗಡುವಿನ ದಿನಾಂಕವನ್ನು ಲೆಕ್ಕಹಾಕಿ ಪರದೆಯ ಮೇಲೆ ಬರೆಯಲು ಇಷ್ಟು ಸಾಕು.

ಹೇಳದೆ ಉಳಿದದ್ದನ್ನು ಮತ್ತೆ ಮತ್ತೆ ಕೇಳಬೇಕಾಗುತ್ತದೆ. ಈ ಕೇಳುವಿಕೆ ಒಮ್ಮೆ ಇಡೀ ಜಾಲವನ್ನೇ ಕಂಗೆಡಿಸಿತು. 2025ರ ಏಪ್ರಿಲ್ 12ರಂದು ಯುಪಿಐ ಗಂಟೆಗಟ್ಟಲೆ ತಡವರಿಸಿದ್ದಕ್ಕೆ, ಕೆಲವು ಬ್ಯಾಂಕುಗಳ ವ್ಯವಸ್ಥೆಗಳು ವ್ಯವಹಾರಗಳ ಸ್ಥಿತಿ ವಿಚಾರಿಸುವ ಕೋರಿಕೆಗಳನ್ನು ಮಿತಿಮೀರಿ ಕಳಿಸಿದ್ದೇ ಕಾರಣವೆಂದು ನಿಗಮ ಗುರುತಿಸಿತು. ಆ ಕೋರಿಕೆಗಳ ಮಳೆಗರೆದದ್ದು ಯಂತ್ರಗಳು, ಜನರ ಬೆರಳುಗಳಲ್ಲ ಎಂಬುದನ್ನು ಮರೆಯಬಾರದು. ನಂತರ ಬಂದ ನಿಯಮಗಳು ಒಂದೇ ವ್ಯವಹಾರದ ಸ್ಥಿತಿಯನ್ನು ಎಷ್ಟು ಸಲ, ಎಷ್ಟು ಹೊತ್ತು ಬಿಟ್ಟು ವಿಚಾರಿಸಬಹುದು ಎಂಬುದಕ್ಕೆ ಮಿತಿ ಹಾಕಿದವು. ಜಾಲದ ಆರೋಗ್ಯಕ್ಕೆ ಇದು ಬೇಕಿತ್ತು. ಆದರೆ ಕೇಳುವುದಕ್ಕೆ ಕಡಿವಾಣ ಬಿದ್ದಷ್ಟು ಬಲವಾಗಿ ಹೇಳುವುದು ಕಡ್ಡಾಯವಾಗಲಿಲ್ಲ ಎಂಬುದು ನನ್ನ ಆಕ್ಷೇಪ.

ಹೇಳುವ ದಾರಿ ನಿಗಮಕ್ಕೆ ಹೊಸದೇನೂ ಅಲ್ಲ. ಖಾತೆಯ ಬಾಕಿ ವಿಚಾರಣೆಯನ್ನು ಗ್ರಾಹಕರೊಬ್ಬರಿಗೆ ಆ್ಯಪ್ ಒಂದರಲ್ಲಿ ದಿನಕ್ಕೆ 50 ಸಲಕ್ಕೆ ಸೀಮಿತಗೊಳಿಸಿದ 2025ರ ಮೇ ತಿಂಗಳ ಸುತ್ತೋಲೆಯೇ, ಪ್ರತಿ ಯಶಸ್ವಿ ಪಾವತಿಯ ಜೊತೆಗೆ ಉಳಿದ ಮೊತ್ತವನ್ನೂ ತಿಳಿಸುವಂತೆ ಬ್ಯಾಂಕುಗಳಿಗೆ ಸೂಚಿಸಿತು. ಕೇಳುವ ಮೊದಲೇ ಹೇಳಿಬಿಟ್ಟರೆ ಕೇಳುವವರು ಕಡಿಮೆಯಾಗುತ್ತಾರೆ ಎಂಬ ಸರಿಯಾದ ತಿಳಿವಳಿಕೆ ಅಲ್ಲಿದೆ. ನಿಂತುಹೋದ ಪಾವತಿಗೂ ಅದನ್ನೇ ಅನ್ವಯಿಸಬೇಕು: ‘ನಿಮ್ಮ ಖಾತೆಯಿಂದ ಹಣ ಹೋಗಿದೆ. ಅಂಗಡಿಯವರ ಬ್ಯಾಂಕು ಇನ್ನೂ ಉತ್ತರಿಸಿಲ್ಲ. ಜಮೆಯಾಗದಿದ್ದರೆ ಇಂಥ ತಾರೀಖಿನೊಳಗೆ ಹಿಂದಿರುಗುತ್ತದೆ.’ ಇವೇ ಮಾತುಗಳು ಅಂಗಡಿಯವರ ಫೋನಿಗೂ ಹೋಗಬೇಕು.

ಆ ಮಾತುಗಳ ಕೆಳಗೆ 12 ಅಂಕಿಗಳ ಯುಪಿಐ ಉಲ್ಲೇಖ ಸಂಖ್ಯೆ ಇರಬೇಕು. ದೂರು ಕೊಡಲು ಹೋದಾಗ ಬ್ಯಾಂಕಿನವರು ಕೇಳುವುದು ಇದನ್ನೇ. ಈಗ ಇದು ವಿವರಗಳ ಪುಟದ ತಳದಲ್ಲಿ, ಆ್ಯಪ್‌ನ ಸ್ವಂತ ಉದ್ದನೆಯ ಸಂಖ್ಯೆಯ ಪಕ್ಕದಲ್ಲಿ ಇರುವುದರಿಂದ, ಜನ ತಪ್ಪು ಸಂಖ್ಯೆ ಬರೆದುಕೊಂಡು ಹೋಗಿ ಕೌಂಟರಿನಿಂದ ವಾಪಸಾಗುತ್ತಾರೆ. ನಾಲ್ಕು ನಾಲ್ಕು ಅಂಕಿಗಳಾಗಿ ಬಿಡಿಸಿ ದೊಡ್ಡದಾಗಿ ಬರೆದರೆ, ಚಾಳೀಸು ಮರೆತು ಬಂದವರೂ ಫೋನಿನಲ್ಲಿ ಓದಿ ಹೇಳಬಹುದು.