ಜರ್ಮನ್ ಬೋಗುಣಿಯ ಚರಿತ್ರೆ

ಕಳೆದ ಚಳಿಗಾಲದಲ್ಲಿ ಅವ್ವ ಬೆಳಗಾವಿಯಿಂದ ಡಮ್ ಡಮ್‌ಗೆ ಬಂದಿದ್ದಳು. ನಾಗೇರ್‌ಬಜಾರಿನ ಹತ್ತಿರದ ನಮ್ಮ ಫ್ಲ್ಯಾಟಿನ ಕೆಳಗೆ ವಾರಕ್ಕೊಮ್ಮೆ ಹಳೇ ಸಾಮಾನು ಕೊಳ್ಳುವವನು ಬರುತ್ತಾನೆ. ಇಲ್ಲಿ ಅವನನ್ನು ಬಿಕ್ರಿವಾಲಾ ಅನ್ನುತ್ತಾರೆ. ಅಡುಗೆಮನೆ ಖಾಲಿ ಮಾಡುವಾಗ ನಾನು ಕೋಲ್ಕತ್ತಾಕ್ಕೆ ಬಂದ ವರ್ಷ ಅವ್ವನೇ ಕಟ್ಟಿ ಕಳಿಸಿದ್ದ ಅಲ್ಯೂಮಿನಿಯಂ ಬೋಗುಣಿ ಸಿಕ್ಕಿತು. ತಳ ಉಬ್ಬಿ, ಒಳಗೆಲ್ಲ ಕಪ್ಪಾಗಿ, ಅಂಚು ಅಲ್ಲಲ್ಲಿ ಮಡಚಿಕೊಂಡಿತ್ತು. ಬಿಕ್ರಿವಾಲಾ ಕೊಕ್ಕೆಯ ತಕ್ಕಡಿಗೆ ಸಿಕ್ಕಿಸಿದ. ಒಂದು ಕೆಜಿಯೂ ತೂಗಲಿಲ್ಲ.

"ಜರ್ಮನ್ ಬೋಗೋಣಿ, ಅದರಾಗ ಏನ್ ತೂಕ ಬರ್ತೈತಿ" ಅಂದಳು ಅವ್ವ. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಎಂ.ಟೆಕ್ ಫೀಸಿಗೆ ತಾಮ್ರದ ಹಂಡೆ ಹೋತು. ಇದನ್ನ ಗಿರವಿ ಇಟ್ಟಕೊಳ್ಳವ್ರು ಯಾರು?" ಅಂದಳು.

ಬೆಳಗಾವಿ ಕಡೆಯ ಹಳೆಯ ಅಡುಗೆಮನೆಗಳಲ್ಲಿ ಅಲ್ಯೂಮಿನಿಯಂಗೆ ಇರುವ ಹೆಸರು 'ಜರ್ಮನ್'. ಮರಾಠಿ ಮಾತಾಡುವ ಮನೆಗಳಲ್ಲೂ ಅದೇ. ಹೆಸರಿನಲ್ಲೇ ಇದು ಹೊರಗಿನಿಂದ ಬಂದ ಸಾಮಾನು ಎಂಬ ದನಿಯಿದೆ. ಆದರೆ ಈ ಪರದೇಶಿ ಲೋಹ ನಮ್ಮ ಒಲೆ ಸೇರಿದ ದಾರಿಯನ್ನು ಹುಡುಕುತ್ತ ಹೋದರೆ ಮದ್ರಾಸು, ಮೈಸೂರು, ಹೂಗ್ಲಿ ನದಿಯ ದಡ, ಕೊನೆಗೆ ನಮ್ಮ ಬೆಳಗಾವಿಯೇ ಎದುರಾಗುತ್ತವೆ. ಅವ್ವ ಕೇಳಿದ ಗಿರವಿಯ ಪ್ರಶ್ನೆಯೂ ಉದ್ದಕ್ಕೂ ಜೊತೆಗೇ ಬರುತ್ತದೆ.

ಮೊದಲು ಲೋಹದ ವಿಚಾರ. ಭೂಮಿಯ ಹೊರಪದರದಲ್ಲಿ ಅತಿ ಹೆಚ್ಚು ಇರುವ ಲೋಹ ಅಲ್ಯೂಮಿನಿಯಂ, ಕಬ್ಬಿಣಕ್ಕಿಂತಲೂ ಹೆಚ್ಚು. ನಾವು ತುಳಿಯುವ ಜೇಡಿಮಣ್ಣಿನಲ್ಲೂ ಅದಿದೆ. ಆದರೂ ಮನುಷ್ಯ ತಾಮ್ರ, ಕಂಚು, ಕಬ್ಬಿಣಗಳನ್ನು ಸಾವಿರಾರು ವರ್ಷಗಳಿಂದ ಬಳಸಿದರೂ ಇದನ್ನು ಕಣ್ಣಾರೆ ಕಂಡದ್ದು 1825ರಲ್ಲಿ, ಡೆನ್ಮಾರ್ಕಿನ ಓರ್ಸ್ಟೆಡ್ ಪ್ರಯೋಗಾಲಯದಲ್ಲಿ ಒಂದು ಸಣ್ಣ ಉಂಡೆ ತೆಗೆದಾಗ. ಕಾರಣ ಸರಳ. ಅಲ್ಯೂಮಿನಿಯಂ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಕಬ್ಬಿಣದ ಅದಿರನ್ನು ಇದ್ದಿಲಿನ ಜೊತೆ ಕುಲುಮೆಗೆ ಹಾಕಿದರೆ ಇದ್ದಿಲು ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ. ಅಲ್ಯೂಮಿನಿಯಂ ಆ ಕುಲುಮೆಗೆ ಬಗ್ಗುವುದಿಲ್ಲ.

ಇದೇ ಗುಣ ಅದನ್ನು ಕಾಪಾಡುವುದೂ ಹೌದು. ಗಾಳಿ ತಾಗಿದ ಕ್ಷಣದಲ್ಲಿ ಅದರ ಮೈಮೇಲೆ ಆಕ್ಸೈಡಿನ ಕಣ್ಣಿಗೆ ಕಾಣದಷ್ಟು ತೆಳುವಾದ ಪದರ ಕಟ್ಟುತ್ತದೆ. ಕಬ್ಬಿಣದ ತುಕ್ಕು ಉದುರಿ ಒಳಗಿನದನ್ನು ತಿನ್ನುತ್ತ ಹೋದರೆ, ಈ ಪದರ ಉದುರದೆ ಬಾಗಿಲು ಮುಚ್ಚಿಕೊಂಡು ಕೂರುತ್ತದೆ. ಹುಣಸೆಹುಳಿ, ಟೊಮೆಟೊ, ಉಪ್ಪು ಮಾತ್ರ ಆ ಬಾಗಿಲು ತೆರೆಯಬಲ್ಲವು. ಹುಳಿಯನ್ನು ಜರ್ಮನ್ ಪಾತ್ರೆಯಲ್ಲಿ ರಾತ್ರಿಯಿಡೀ ಬಿಡಬಾರದು ಎಂದು ಅಜ್ಜಿಯರು ಹೇಳುತ್ತಿದ್ದುದು ಸರಿಯಾದ ರಸಾಯನಶಾಸ್ತ್ರ.

1850ರ ದಶಕದಲ್ಲಿ ಫ್ರಾನ್ಸಿನ ಡೆವಿಲ್ ಸೋಡಿಯಂ ಬಳಸಿ ಇದನ್ನು ತುಸು ಹೆಚ್ಚು ಪ್ರಮಾಣದಲ್ಲಿ ತೆಗೆದ. 1855ರ ಪ್ಯಾರಿಸ್ ಪ್ರದರ್ಶನದಲ್ಲಿ ಅದನ್ನು ಅಪರೂಪದ ವಸ್ತುವಿನಂತೆ ಇಟ್ಟಿದ್ದರು. 1884ರಲ್ಲಿ ಅಮೆರಿಕದವರು ವಾಷಿಂಗ್ಟನ್ ಸ್ಮಾರಕದ ತುತ್ತತುದಿಗೆ ಕೂರಿಸಿದ ಕಳಶ ಅಲ್ಯೂಮಿನಿಯಂನದು. ಎರಡೇ ವರ್ಷದಲ್ಲಿ ಲೆಕ್ಕ ಬದಲಾಯಿತು. 1886ರಲ್ಲಿ ಅಮೆರಿಕದ ಚಾರ್ಲ್ಸ್ ಮಾರ್ಟಿನ್ ಹಾಲ್, ಫ್ರಾನ್ಸಿನ ಪಾಲ್ ಎರೂ ಪರಸ್ಪರ ಗೊತ್ತಿಲ್ಲದೆ ಒಂದೇ ವಿಧಾನ ಕಂಡುಹಿಡಿದರು. ಇಬ್ಬರೂ ಹುಟ್ಟಿದ್ದು 1863ರಲ್ಲಿ, ತೀರಿಕೊಂಡದ್ದು 1914ರಲ್ಲಿ.

ಆ ವಿಧಾನವೇ ಇಂದಿಗೂ ನಡೆಯುತ್ತಿದೆ. ಬಾಕ್ಸೈಟ್ ಎಂಬ ಅದಿರು ನಮ್ಮ ಕರಾವಳಿಯ ಮುರಕಲ್ಲಿನ ಹತ್ತಿರದ ನೆಂಟ. ಅದನ್ನು ಪುಡಿಮಾಡಿ ಕಾಸ್ಟಿಕ್ ಸೋಡಾದಲ್ಲಿ ಒತ್ತಡದಲ್ಲಿ ಬೇಯಿಸಿ, ಸೋಸಿ, ಸುಟ್ಟರೆ ಅಲ್ಯೂಮಿನಾ ಎಂಬ ಬಿಳಿ ಪುಡಿ ಬರುತ್ತದೆ. ಉಳಿಯುವುದು ಕೆಂಪು ಕೆಸರು. ಅಲ್ಯೂಮಿನಾ ತಾನಾಗಿ ಕರಗಬೇಕಾದರೆ ಎರಡು ಸಾವಿರ ಡಿಗ್ರಿಗೂ ಹೆಚ್ಚು ಶಾಖ ಬೇಕು. ಕರಗಿದ ಕ್ರಯೋಲೈಟ್ ಎಂಬ ಲವಣದಲ್ಲಿ ಹಾಕಿದರೆ ಸುಮಾರು 950 ಡಿಗ್ರಿಯಲ್ಲೇ ಅದು ಬೆರೆತುಹೋಗುತ್ತದೆ. ಅದರೊಳಗೆ ಇಂಗಾಲದ ದಿಮ್ಮಿಗಳ ಮೂಲಕ ವಿದ್ಯುತ್ ಹಾಯಿಸಿದರೆ ಲೋಹ ತಳದಲ್ಲಿ ಇಳಿಯುತ್ತದೆ. ಸ್ಥೂಲವಾಗಿ ನಾಲ್ಕು ಟನ್ ಬಾಕ್ಸೈಟಿಗೆ ಎರಡು ಟನ್ ಅಲ್ಯೂಮಿನಾ, ಎರಡು ಟನ್ ಅಲ್ಯೂಮಿನಾಕ್ಕೆ ಒಂದು ಟನ್ ಲೋಹ.

ಮುಖ್ಯವಾದದ್ದು ವಿದ್ಯುತ್ತಿನ ಲೆಕ್ಕ. ಒಂದು ಕೆಜಿ ಅಲ್ಯೂಮಿನಿಯಂಗೆ ಹೆಚ್ಚುಕಡಿಮೆ 14 ಯೂನಿಟ್ ಬೇಕು. ನಮ್ಮ ಫ್ಲ್ಯಾಟಿನ 75 ವ್ಯಾಟಿನ ಫ್ಯಾನು ಹಗಲೂ ರಾತ್ರಿ ಏಳೂವರೆ ದಿನಕ್ಕೂ ಹೆಚ್ಚು ತಿರುಗಿದರೆ ಅಷ್ಟು ಉರಿಯುತ್ತದೆ. ಮೇ ತಿಂಗಳ ಡಮ್ ಡಮ್ ಸೆಕೆಯಲ್ಲಿ ಬದುಕಿದವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ. ಕೈಗೆ ಹಗುರವಾದ ಬೋಗುಣಿಯೊಳಗೆ ಒಂದು ವಾರದ ಗಾಳಿಯಿದೆ.

ಈಗ ಇತಿಹಾಸಕ್ಕೆ ಬರೋಣ. 1898ರಲ್ಲಿ ಮದ್ರಾಸಿನ ಸ್ಕೂಲ್ ಆಫ್ ಆರ್ಟ್ಸ್‌ನಲ್ಲಿ ಆಲ್ಫ್ರೆಡ್ ಚಾಟರ್ಟನ್ ಎಂಬ ಎಂಜಿನಿಯರಿಂಗ್ ಪ್ರಾಧ್ಯಾಪಕ ಆಮದಾದ ಅಲ್ಯೂಮಿನಿಯಂ ಹಾಳೆಗಳಿಂದ ಪಾತ್ರೆ ಮಾಡಿಸಲು ಶುರುಮಾಡಿದ. ಅವನ ಲೆಕ್ಕ ಅಚ್ಚುಕಟ್ಟಾಗಿತ್ತು. ತಾಮ್ರದ ಸಾಂದ್ರತೆ ಸುಮಾರು 8.9, ಅಲ್ಯೂಮಿನಿಯಂನದು 2.7. ಅಂದರೆ ಅದೇ ಅಳತೆಯ, ಅದೇ ದಪ್ಪದ ಪಾತ್ರೆಗೆ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ತೂಕದ ಲೋಹ ಸಾಕು. ತೂಕಕ್ಕೆ ದರ ಹೆಚ್ಚಿದ್ದರೂ ಪಾತ್ರೆಗೆ ಬೆಲೆ ಕಡಿಮೆ. ಹಿತ್ತಾಳೆ, ತಾಮ್ರದ ಹಾಗೆ ಇದಕ್ಕೆ ಕಲಾಯಿ ಹಾಕಿಸುವ ಕೆಲಸವೂ ಇಲ್ಲ. ಪ್ರಯೋಗ ಲಾಭ ತಂದಿತು. 1903ರಲ್ಲಿ ಅದನ್ನು ಖಾಸಗಿ ಕಂಪನಿಗೆ ಮಾರಲಾಯಿತು.

ಸರ್ಕಾರ ತಾನೇ ಕೈಗಾರಿಕೆ ಶುರುಮಾಡಿ ದಾರಿ ತೋರಿಸಬಹುದು ಎಂಬ ಚಾಟರ್ಟನ್ನನ ನಂಬಿಕೆ ಬ್ರಿಟಿಷ್ ವ್ಯಾಪಾರಿಗಳಿಗೆ ಹಿಡಿಸಲಿಲ್ಲ. 1910ರಲ್ಲಿ ಭಾರತ ಸಚಿವ ಮಾರ್ಲಿ ಲಂಡನ್ನಿನಿಂದಲೇ ಅಂಥ ಪ್ರಯತ್ನಗಳಿಗೆ ಕಡಿವಾಣ ಹಾಕಿದ. ಆಗ ಚಾಟರ್ಟನ್ನನಿಗೆ ಜಾಗ ಸಿಕ್ಕಿದ್ದು ಮೈಸೂರಿನಲ್ಲಿ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಅವನು ಸಂಸ್ಥಾನದ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಯ ನಿರ್ದೇಶಕನಾದ. ಮೈಸೂರು ಗಂಧದೆಣ್ಣೆಯ ಚರಿತ್ರೆಯಲ್ಲಿ ಅವನ ಹೆಸರು ಬರುತ್ತದೆ. ಗಂಧದೆಣ್ಣೆಗಿಂತ ಮೊದಲು ಅವನು ಕೈಯಿಟ್ಟದ್ದು ಬೋಗುಣಿಗೆ ಎಂಬುದು ನಮ್ಮಲ್ಲಿ ಹೆಚ್ಚು ಜನಕ್ಕೆ ನೆನಪಿಲ್ಲ.

ಮದ್ರಾಸಿನಲ್ಲಿ ಶುರುವಾದದ್ದು ದೊಡ್ಡದಾಗಿ ಬೆಳೆದದ್ದು ಕೋಲ್ಕತ್ತಾದಲ್ಲಿ. ಜೀವನ್‌ಲಾಲ್ ಎಂಬ ಗುಜರಾತಿ ಹೆಸರಿನ ವ್ಯಾಪಾರ ಇಲ್ಲಿಂದ ಕಿರೀಟದ ಗುರುತಿನ, ಅಂದರೆ ಕ್ರೌನ್ ಬ್ರ್ಯಾಂಡಿನ ಪಾತ್ರೆಗಳನ್ನು ದೇಶದ ತುಂಬ ಮಾರಿತು. ಪಾತ್ರೆ ತಯಾರಿಸುವವರು ದುಂಡಗೆ ಕತ್ತರಿಸಿದ ಹಾಳೆಗೆ 'ಸರ್ಕಲ್' ಅನ್ನುತ್ತಾರೆ. ಸರ್ಕಲ್ಲನ್ನು ಅಚ್ಚಿನ ಮೇಲೆ ತಿರುಗಿಸುತ್ತ ಒತ್ತಿದರೆ ಕೆಲವೇ ನಿಮಿಷಕ್ಕೆ ಪಾತ್ರೆ. ಕಂಚುಗಾರನ ದಿನವಿಡೀ ಬಡಿಯುವ ಕೆಲಸ ಇದರೆದುರು ನಿಲ್ಲುವಂತಿರಲಿಲ್ಲ. 1938ರಲ್ಲಿ ಕೆನಡಾದ ಬಂಡವಾಳದ ಜೊತೆ ಇಂಡಿಯನ್ ಅಲ್ಯೂಮಿನಿಯಂ ಕಂಪನಿ, ಅಂದರೆ ಇಂಡಾಲ್, ಹುಟ್ಟಿತು. 1941ರಲ್ಲಿ ಹೂಗ್ಲಿಯ ಆಚೆ ದಡದ ಬೇಲೂರಿನಲ್ಲಿ ಅದರ ಹಾಳೆ ತಯಾರಿಸುವ ಗಿರಣಿ ಶುರುವಾಯಿತು. ಇದು ನಮ್ಮ ಹಾಸನದ ಬೇಲೂರಲ್ಲ, ರಾಮಕೃಷ್ಣ ಮಠದ ಬೇಲೂರು. 1943ರಲ್ಲಿ ಕೇರಳದ ಆಲುವಾದಲ್ಲಿ ಲೋಹವನ್ನೇ ತೆಗೆಯುವ ಕೆಲಸ ಆರಂಭವಾಯಿತು.

ಆ ವರ್ಷಗಳಲ್ಲೇ ಡಮ್ ಡಮ್ ಈ ಕಥೆಯೊಳಗೆ ಬರುತ್ತದೆ. ಯುದ್ಧಕ್ಕೆ ವಿಮಾನ ಬೇಕು, ವಿಮಾನಕ್ಕೆ ಅಲ್ಯೂಮಿನಿಯಂ ಬೇಕು. 1940ರಲ್ಲಿ ಇಂಗ್ಲೆಂಡಿನ ಸರ್ಕಾರ ಹೆಂಗಸರಿಂದ ಅಡುಗೆ ಪಾತ್ರೆಗಳನ್ನೇ ಬೇಡಿ ಪಡೆಯಿತು. ಅದೇ ವರ್ಷದ ಕೊನೆಗೆ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಸ್ಥಾಪನೆಯಾಯಿತು. 1942ರಲ್ಲಿ ಜಪಾನಿನ ಸೇನೆ ಬರ್ಮಾ ರಸ್ತೆ ಕಡಿದ ಮೇಲೆ ಚೀನಾಕ್ಕೆ ಸಾಮಾನು ಹೋಗಬೇಕಾದದ್ದು ಹಿಮಾಲಯದ ಮೇಲಿಂದ. ಡಮ್ ಡಮ್ ವಿಮಾನ ನಿಲ್ದಾಣದಲ್ಲೂ ಅಮೆರಿಕನ್ ಸೇನೆಯ ಸಾಗಣೆ ವಿಮಾನಗಳು ಇಳಿಯುತ್ತಿದ್ದವು. ಅಸ್ಸಾಮಿನಿಂದ ಕುನ್ಮಿಂಗ್‌ವರೆಗಿನ ಆ ದಾರಿಯಲ್ಲಿ ಬಿದ್ದ ವಿಮಾನಗಳ ಅವಶೇಷ ಎಷ್ಟಿತ್ತೆಂದರೆ ಪೈಲಟ್‌ಗಳು ಅದನ್ನು ಅಲ್ಯೂಮಿನಿಯಂ ಹಾದಿ ಎಂದೇ ಕರೆದರು.

ಮೇಲೆ ಅಷ್ಟು ಲೋಹ ಹಾರುತ್ತಿದ್ದ 1943ರಲ್ಲೇ ಕೆಳಗೆ ಬಂಗಾಳದ ಬರ. ಹಳ್ಳಿಗಳಲ್ಲಿ ಹಸಿದವರು ಭೂಮಿ ಮಾರಿದರು, ಒಡವೆ ಮಾರಿದರು, ಹಿತ್ತಾಳೆ ಪಾತ್ರೆ ಮಾರಿದರು. ಲಕ್ಷಾಂತರ ಜನ ಸತ್ತರು. ಪಾತ್ರೆಯಿಂದ ಎಲ್ಲರೂ ಉಳಿಯಲಿಲ್ಲ, ಆದರೆ ಮಾರಲು ಪಾತ್ರೆಯಿದ್ದ ಮನೆಗೆ ಇನ್ನಷ್ಟು ದಿನ ಅಕ್ಕಿ ಸಿಕ್ಕಿತು. ಅವ್ವನ ಗಿರವಿಯ ಪ್ರಶ್ನೆಗೆ ನಾನು ಇಲ್ಲಿ ಉತ್ತರ ಕಂಡೆ. ನಮ್ಮಲ್ಲಿ ಹಿತ್ತಾಳೆ, ತಾಮ್ರ ಬರೀ ಪಾತ್ರೆಯಾಗಿರಲಿಲ್ಲ. ಮದುವೆಯಲ್ಲಿ ಹೆಸರು ಕೊರೆಸಿ ಕೊಟ್ಟ ಕೊಡ, ಹಂಡೆ, ತಂಬಿಗೆ ಹೆಣ್ಣುಮಕ್ಕಳ ಕೈಯಲ್ಲಿದ್ದ ಉಳಿತಾಯ. ಬ್ಯಾಂಕಿನ ಬಾಗಿಲು ನೋಡದವರಿಗೆ ಅದೇ ಠೇವಣಿ. ಬೆಳಗಾವಿಯಲ್ಲಿ ಬೋಗಾರವೇಸ್ ಎಂಬ ಜಾಗವಿದೆ. ಬೋಗಾರರೆಂದರೆ ಪಾತ್ರೆ ಮಾಡಿ ಮಾರುವ ಜನ. ಹಳೆಯ ಪಾತ್ರೆ ತಂದವರಿಗೆ ಅಂಥ ಪೇಟೆಯಲ್ಲಿ ಲೋಹದ ಬೆಲೆ ಸಿಗುತ್ತಿತ್ತು. ಅಲ್ಯೂಮಿನಿಯಂ ಬಂದಾಗ ಬಡವರ ಒಲೆಗೆ ಪಾತ್ರೆ ಬಂತು, ಆದರೆ ಆ ಪಾತ್ರೆಯೊಳಗಿನ ಠೇವಣಿ ಹೋಯಿತು. ಬೀದಿಗೆ ಬರುತ್ತಿದ್ದ ಕಲಾಯಿಯವನೂ ಹೋದ.

ಹಾಗಂತ ಇದನ್ನು ನಷ್ಟದ ಕಥೆಯಾಗಿ ಮಾತ್ರ ಹೇಳಿದರೆ ನಾನು ತಪ್ಪು ಹೇಳಿದಂತೆ. ತುಂಬಿದ ತಾಮ್ರದ ಕೊಡ ಹೊತ್ತು ಮೈಲಿ ನಡೆದವಳನ್ನು ಕೇಳಿದರೆ ಹಗುರ ಅಂದರೇನು ಎಂದು ಹೇಳುತ್ತಾಳೆ. ಅನ್ನ ಬೇಗ ಬೇಯುತ್ತದೆ, ಏಕೆಂದರೆ ಶಾಖ ಇದರಲ್ಲಿ ಚೆನ್ನಾಗಿ ಹರಡುತ್ತದೆ. ನಮ್ಮ ಮನೆ ಹತ್ತಿರದ ಬಿರಿಯಾನಿ ಅಂಗಡಿಗಳ ಮುಂದೆ ಕೆಂಪು ಬಟ್ಟೆ ಸುತ್ತಿ ಕೂರಿಸಿದ ದೊಡ್ಡ ಹಾಂಡಿಗಳು ಅಲ್ಯೂಮಿನಿಯಂನವು. ಹಿತ್ತಾಳೆಯದಾಗಿದ್ದರೆ ಇಬ್ಬರು ಹುಡುಗರು ಎತ್ತುವುದು ಆಗದ ಮಾತು. ಇನ್ನು ಕರೆಂಟಿನ ತಂತಿ. ಒಂದೇ ದಪ್ಪದ ತಂತಿ ಹೋಲಿಸಿದರೆ ಅಲ್ಯೂಮಿನಿಯಂ ತಾಮ್ರದ ಸುಮಾರು ಶೇಕಡಾ 60ರಷ್ಟು ವಿದ್ಯುತ್ ಒಯ್ಯುತ್ತದೆ. ಒಂದೇ ತೂಕದ ತಂತಿ ಹೋಲಿಸಿದರೆ ತಾಮ್ರದ ಎರಡು ಪಟ್ಟು. ಅದಕ್ಕೇ ನಡುವೆ ಉಕ್ಕಿನ ಎಳೆ, ಸುತ್ತ ಅಲ್ಯೂಮಿನಿಯಂ ಎಳೆಗಳಿರುವ ತಂತಿ ಊರೂರಿಗೆ ಹೋಯಿತು. ಹಳ್ಳಿಗೆ ದೀಪ ತಂದದ್ದೂ ಇದೇ ಲೋಹ. ಕುಕ್ಕರು, ಮಾತ್ರೆಯ ಹಾಳೆ, ಕಿಟಕಿಯ ಚೌಕಟ್ಟುಗಳ ಪಟ್ಟಿ ಬೇರೆ ಹೇಳಬೇಕಿಲ್ಲ.

ಆದರೆ ಪಾತ್ರೆಯಲ್ಲಿ ಕಡಿಮೆಯಾದ ಭಾರ ಬೇರೆಲ್ಲೋ ಹೋಗಿ ಕೂತಿದೆ. ಅದನ್ನು ನೋಡಲು ಮತ್ತೆ ಬೆಳಗಾವಿಗೇ ಹೋಗಬೇಕು. ಊರ ಹೊರಗೆ ಯಮನಾಪುರದ ಬಳಿ ಇಂಡಾಲ್ ಕಟ್ಟಿದ ಕಾರ್ಖಾನೆಯಲ್ಲಿ ಸುಮಾರು 1970ರಿಂದ ಅಲ್ಯೂಮಿನಾವೂ ಆಗುತ್ತಿತ್ತು, ಲೋಹವೂ ಇಳಿಯುತ್ತಿತ್ತು. ಕೊಲ್ಹಾಪುರ ಜಿಲ್ಲೆಯ ಘಟ್ಟದಿಂದ ಬಾಕ್ಸೈಟ್, ರಾಜ್ಯದ ಜಾಲದಿಂದ ವಿದ್ಯುತ್. ಆ ಕಾಲದ ಜಾಲಕ್ಕೆ ಬೆನ್ನೆಲುಬು ಶರಾವತಿ. ಅಲ್ಯೂಮಿನಿಯಂ ತೊಟ್ಟಿಗೆ ಕರೆಂಟ್ ನಾಲ್ಕೈದು ಗಂಟೆ ನಿಂತರೆ ಒಳಗಿನದು ಹೆಪ್ಪುಗಟ್ಟಿ ತೊಟ್ಟಿಯೇ ಹಾಳಾಗಬಹುದು. ಎಂಬತ್ತರ ದಶಕದ ಕರ್ನಾಟಕದಲ್ಲಿ ಲಾಟೀನಿನ ಬೆಳಕಲ್ಲಿ ಓದಿದ ನನ್ನ ವಯಸ್ಸಿನವರಿಗೆ ಮುಂದಿನದು ಊಹಿಸಬಹುದು. ವಿದ್ಯುತ್ತಿನ ಕೊರತೆ, ಆಮೇಲೆ ಅದರ ದರ, ಎರಡೂ ಸೇರಿ ಲೋಹ ಇಳಿಸುವ ಕೆಲಸ ನಿಂತಿತು. ಈಗ ಹಿಂಡಾಲ್ಕೋ ಹೆಸರಿನಲ್ಲಿ ಅಲ್ಲಿ ಅಲ್ಯೂಮಿನಾ ಮಾತ್ರ ತಯಾರಾಗುತ್ತದೆ.

ಅಣೆಕಟ್ಟಿಗಾಗಿ ಮುಳುಗಿದ ಶರಾವತಿ ಕಣಿವೆಯ ಊರುಗಳು, ಕೆಂಪು ಕೆಸರಿನ ಗುಡ್ಡ, ಅಗೆದ ಘಟ್ಟ ಇವೆಲ್ಲ ಅವ್ವನ ಬೋಗುಣಿಯ ತೂಕಕ್ಕೆ ಸೇರಬೇಕಾದವು. ಒಡಿಶಾದ ನಿಯಮಗಿರಿಯಲ್ಲಿ 2013ರಲ್ಲಿ 12 ಗ್ರಾಮಸಭೆಗಳು ಬಾಕ್ಸೈಟ್ ಗಣಿ ಬೇಡವೆಂದು ಒಕ್ಕೊರಲಿನಿಂದ ಹೇಳಿದಾಗ ಅಲ್ಲಿನ ಡೊಂಗ್ರಿಯಾ ಕಂಧರು ಈ ತೂಕವನ್ನೇ ಎತ್ತಿ ತೋರಿಸಿದ್ದು.

ಈ ಲೆಕ್ಕದಲ್ಲಿ ಬಿಕ್ರಿವಾಲಾನಿಗೆ ಸಿಗಬೇಕಾದ ಮರ್ಯಾದೆ ದೊಡ್ಡದು. ಹಳೆಯ ಅಲ್ಯೂಮಿನಿಯಂ ಕರಗಿಸಿ ಮತ್ತೆ ಬಳಸಲು ಹೊಸ ಲೋಹಕ್ಕೆ ಬೇಕಾದ ಶಕ್ತಿಯ ಶೇಕಡಾ 5ರಷ್ಟು ಸಾಕು. ಒಮ್ಮೆ ಆಮ್ಲಜನಕದಿಂದ ಬಿಡಿಸಿದ್ದನ್ನು ಮತ್ತೆ ಬಿಡಿಸಬೇಕಾಗಿಲ್ಲ, 660 ಡಿಗ್ರಿಗೆ ಕರಗಿಸಿದರೆ ಆಯಿತು. ಒಂದು ಎಚ್ಚರ ಮಾತ್ರ ಇರಲಿ. ಸಿಕ್ಕಿದ ಗುಜರಿಯನ್ನೆಲ್ಲ ಸೇರಿಸಿ ಎರಕ ಹೊಯ್ದ ಅಗ್ಗದ ಪಾತ್ರೆಗಳಲ್ಲಿ ಸೀಸ ಬೆರೆತಿರುವುದು ಹಲವು ದೇಶಗಳಲ್ಲಿ ಕಂಡುಬಂದಿದೆ. ಗುಜರಿ ತಂತಿಗೆ, ಯಂತ್ರದ ಭಾಗಕ್ಕೆ ಹೋಗಲಿ. ಅನ್ನದ ಪಾತ್ರೆಗೆ ಶುದ್ಧ ಹಾಳೆಯೇ ಬೇಕು.

ಬಿಕ್ರಿವಾಲಾ ನೂರಕ್ಕೆ ಹತ್ತಿರದ ದುಡ್ಡು ಎಣಿಸಿ ಕೊಟ್ಟ. ಗಿರವಿ ಇಡಲಾಗದ ಬೋಗುಣಿಗೂ ಒಂದು ಬೆಲೆ ಇತ್ತು ಎಂದು ಅವ್ವನಿಗೆ ಸ್ವಲ್ಪ ಆಶ್ಚರ್ಯ. ಇದನ್ನು ಏನು ಮಾಡುತ್ತೀರಿ ಎಂದು ನನ್ನಿಂದ ಕೇಳಿಸಿದಳು.

"ಆಬಾರ್ ಹಾಂಡಿ ಹೋಬೆ, ಮಾಶಿಮಾ" ಅಂದ ಅವನು. ಮತ್ತೆ ಪಾತ್ರೆಯೇ ಆಗುತ್ತೆ, ದೊಡ್ಡಮ್ಮ.

ಅವ್ವ ದುಡ್ಡನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಸಂಜೆ ನಾಗೇರ್‌ಬಜಾರಿಗೆ ಹೋಗಿ ಅದಕ್ಕೆ ನನ್ನದೂ ಒಂದಿಷ್ಟು ಸೇರಿಸಿ ಸ್ಟೀಲಿನ ಬೋಗುಣಿ ತಂದೆವು. ಅಂಗಡಿಯಲ್ಲಿ ಅವಳು ಅದನ್ನು ಕೈಯಲ್ಲಿ ಎತ್ತಿ ಎತ್ತಿ ತೂಕ ನೋಡಿದಳು.